ಹೊಳೆ ನೀರಿಗೆ ತೊಯ್ದ ಕಾಗದ: ಒಣಗಿಸುವುದಕ್ಕೂ ಮೊದಲು ಮಾಡಬೇಕಾದ ಕೆಲಸ

ಪ್ರಶ್ನೆ: ನಮ್ಮೂರು ಮುಧೋಳ. ಘಟಪ್ರಭಾ ಹೊಳಿ ಮನಿಯೊಳಗ ಹೊಕ್ಕು ನಾಕು ಫೂಟು ನೀರು ಎರಡು ದಿನ ನಿಂತಿತ್ತು. ನಿನ್ನೆ ಸಂಜಿಗೆ ನೀರು ಇಳೀತು, ಇವತ್ತು ಬಾಗಲಾ ತಗದು ಒಳಗ ಹೋದ್ವಿ. ತಿಜೋರಿ ಕೆಳಗಿನ ಖಾನೆಯೊಳಗ ಹೊಲದ ಖರೀದಿ ಪತ್ರ, ಉತಾರ (ಪಹಣಿ), ಅಪ್ಪ-ಕಾಕಾ ಮಾಡಿಕೊಂಡ ವಾಟ್ನಿ (ಆಸ್ತಿ ಪಾಲು) ಕಾಗದ, ಲ್ಯಾಮಿನೇಶನ್ ಮಾಡಿಸಿದ ಮಕ್ಕಳ ಮಾರ್ಕ್ಸ್ ಕಾರ್ಡ್, ಮದುವಿ ಫೋಟೊ ಅಲ್ಬಮ್, ಮತ್ತ ನಮ್ಮ ಅಜ್ಜ ಶಾಯಿ ಪೆನ್ನಿಲೆ ಬರೆದಿಟ್ಟ ಶ್ರೀಕೃಷ್ಣ ಪಾರಿಜಾತ ಆಟದ ಹಾಡಿನ ವಹಿ (ನೋಟ್‌ಬುಕ್ಕು) ಅದಾವ. ಕಪಾಟಿನಾಗ ನೂರು ಪುಸ್ತಕ ಇರಬೇಕು. ಎಲ್ಲಾ ತೊಯ್ದು ರಾಡಿ ಆಗ್ಯಾವ. ಬಿಸಲಿಗೆ ಹಾಕೂಣೇನು? ಇಸ್ತ್ರಿ ಮಾಡಬಹುದೇನು?

ಉತ್ತರ: ಬಿಸಿಲಿಗೂ ಹಾಕಬೇಡಿ, ಇಸ್ತ್ರಿಯನ್ನೂ ಮುಟ್ಟಬೇಡಿ. ಯಾವ ಪುಸ್ತಕವನ್ನೂ ಇನ್ನೂ ಬಿಚ್ಚಬೇಡಿ. ತೊಯ್ದ ಕಾಗದ ನೀರಿನಿಂದ ಹಾಳಾಗುವುದಕ್ಕಿಂತ ನೀರಿನಿಂದ ಹೊರಗೆ ತೆಗೆದ ಮೇಲಿನ ಅವಸರದಲ್ಲಿ ಹೆಚ್ಚು ಹಾಳಾಗುತ್ತದೆ. ಒಣಗಿಸುವುದು ಎರಡನೇ ಕೆಲಸ. ಮೊದಲನೆಯದು, ಕೊಳೆಯದಂತೆ ತಡೆದು ಸಮಯ ಗಳಿಸಿಕೊಳ್ಳುವುದು.

ಬೂಷ್ಟು ಬೆಳೆಯಲು ಗಾಳಿ ಬೇಕು. ಎರಡು ದಿನ ನೀರಿನಡಿ ಮುಳುಗಿದ್ದಾಗ ಅದು ಬೆಳೆಯಲಿಲ್ಲ. ನಿನ್ನೆ ಸಂಜೆ ನೀರು ಇಳಿದು ಗಾಳಿ ತಾಗಿದಾಗಿನಿಂದ ಗಡಿಯಾರ ಶುರುವಾಗಿದೆ. ನಮ್ಮ ಕಡೆಯ ಮಳೆಗಾಲದ ಶಾಖದಲ್ಲಿ ಸುಮಾರು 48 ಗಂಟೆಯೊಳಗೆ ಬೂಷ್ಟು ಕಾಣಿಸಿಕೊಳ್ಳುತ್ತದೆ. ಅಂದರೆ ನಿಮಗೆ ಇವತ್ತು ಮತ್ತು ನಾಳೆ ಇವೆ. ಮುಚ್ಚಿದ ತಿಜೋರಿಯಂತೂ ಬೂಷ್ಟಿಗೆ ಹೇಳಿ ಮಾಡಿಸಿದ ಜಾಗ. ಅದನ್ನು ಮತ್ತೆ ಮುಚ್ಚಬೇಡಿ.

ಒಳಗೆ ಹೋಗುವ ಮುಂಚೆ ಮೇನ್ ಸ್ವಿಚ್ ಆಫ್ ಆಗಿದೆಯೇ ನೋಡಿ. ಹೊಳೆ ನೀರಿನ ಜೊತೆ ಗಟಾರದ ನೀರೂ ಬಂದಿರುತ್ತದೆ. ರಬ್ಬರ್ ಕೈಗವಸು, ಮಾಸ್ಕ್ ಇಲ್ಲದೆ ಕೆಲಸ ಬೇಡ, ಕೈಮೇಲೆ ಗಾಯವಿದ್ದವರು ದೂರವಿರಲಿ. ಯಾವುದನ್ನೂ ಸರಿಸುವ ಮೊದಲು ಇದ್ದಂತೆಯೇ ಫೋಟೊ ತೆಗೆದುಕೊಳ್ಳಿ. ತಲಾಟಿಯವರು ಪಂಚನಾಮೆಗೆ ಬಂದಾಗಲೂ ಬೇಕಾಗುತ್ತದೆ, ಯಾವ ಕಾಗದ ಯಾವ ಕಟ್ಟಿನಲ್ಲಿತ್ತು ಎಂದು ನಂತರ ಹೊಂದಿಸಲಿಕ್ಕೂ ಬೇಕಾಗುತ್ತದೆ.

ಈಗ ಆಯ್ಕೆ. ಪ್ರವಾಹ ಬಂದಾಗ ಎಲ್ಲರೂ ಮೊದಲು ಹೊಲದ ಕಾಗದಕ್ಕೆ ಕೈ ಹಾಕುತ್ತಾರೆ. ನನ್ನ ಸಲಹೆ ಬೇರೆ. ನೋಂದಣಿಯಾದ ಖರೀದಿ ಪತ್ರದ ನಕಲು ಉಪನೋಂದಣಾಧಿಕಾರಿ ಕಚೇರಿಯ ಪುಸ್ತಕದಲ್ಲಿ ಇದ್ದೇ ಇರುತ್ತದೆ. ದಸ್ತಾವೇಜಿನ ನಂಬರು ಮತ್ತು ವರ್ಷ ಗೊತ್ತಿದ್ದರೆ ದೃಢೀಕೃತ ಪ್ರತಿ ಸಿಗುತ್ತದೆ. ಉತಾರ ಭೂಮಿ ಕೇಂದ್ರದಲ್ಲಿ ಸಿಗುತ್ತದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಗೆ ಶಾಲೆಯ ಮೂಲಕ ಮಂಡಳಿಗೆ ಅರ್ಜಿ ಹಾಕಿದರೆ ಎರಡನೇ ಪ್ರತಿ ಬರುತ್ತದೆ. ಆಧಾರ್, ಪ್ಯಾನ್ ಕಾರ್ಡಿನ ಚಿಂತೆಯೇ ಬೇಡ. ಅಸಲು ಪತ್ರಕ್ಕೆ ತನ್ನದೇ ಬೆಲೆಯಿದೆ, ಬ್ಯಾಂಕು ಅದನ್ನೇ ಕೇಳುತ್ತದೆ, ಅದನ್ನೂ ಉಳಿಸೋಣ. ಆದರೆ ಅಪ್ಪ-ಕಾಕಾ ಮಾಡಿಕೊಂಡ ವಾಟ್ನಿ ನೋಂದಣಿಯಾಗದೆ ಬರೀ ಕೈಬರಹದ್ದಾಗಿದ್ದರೆ ಅದರ ಇನ್ನೊಂದು ಪ್ರತಿ ಎಲ್ಲೂ ಇಲ್ಲ. ಅಜ್ಜನ ವಹಿಯದೂ ಅದೇ ಮಾತು. ಫ್ರಿಜ್ಜಿನಲ್ಲಿ ಒಂದೇ ಒಂದು ಕಟ್ಟಿಗೆ ಜಾಗವಿದ್ದರೆ ಅದು ಈ ಎರಡಕ್ಕೆ ಸಲ್ಲಬೇಕು.

ಹೌದು, ಫ್ರಿಜ್ಜು. ಪುಸ್ತಕ ಹೆಪ್ಪುಗಟ್ಟಿದರೆ ಬೂಷ್ಟು ಸಾಯುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ. ಶಾಯಿ ಹರಿಯುವುದು ನಿಲ್ಲುತ್ತದೆ, ಹಾಳೆಗಳು ಒಂದಕ್ಕೊಂದು ಅಂಟುವುದೂ ನಿಲ್ಲುತ್ತದೆ. 1966ರ ನವೆಂಬರ್ 4ರಂದು ಇಟಲಿಯ ಫ್ಲಾರೆನ್ಸ್‌ನಲ್ಲಿ ಆರ್ನೊ ನದಿ ರಾಷ್ಟ್ರೀಯ ಗ್ರಂಥಾಲಯಕ್ಕೆ ನುಗ್ಗಿದಾಗ ಈ ದಾರಿ ಇನ್ನೂ ರೂಢಿಯಲ್ಲಿರಲಿಲ್ಲ. ಎಷ್ಟೋ ಪುಸ್ತಕಗಳನ್ನು ತಂಬಾಕು ಒಣಗಿಸುವ ಭಟ್ಟಿಗಳಲ್ಲಿಟ್ಟು ಒಣಗಿಸಿದರು. ಬಿಸಿಗೆ ಚರ್ಮದ ರಟ್ಟುಗಳು ಮುದುಡಿದವು. ಮೊದಲು ಹೆಪ್ಪುಗಟ್ಟಿಸು, ಆಮೇಲೆ ಪುರುಸೊತ್ತಿನಲ್ಲಿ ಒಣಗಿಸು ಎಂಬ ಪದ್ಧತಿ ಗಟ್ಟಿಯಾಗಿ ನೆಲೆಯೂರಿದ್ದು ಅದರ ಮುಂದಿನ ದಶಕದಲ್ಲಿ. ಮನೆಯ ಫ್ರಿಜ್ಜಿನಲ್ಲೂ ಅದನ್ನು ಮಾಡಬಹುದು.

ವಹಿಯನ್ನು ಹೀಗೆ ನೋಡಿಕೊಳ್ಳಿ. ಶಾಯಿ ಬರಹ ಇರುವುದರಿಂದ ಅದನ್ನು ನೀರಲ್ಲಿ ತೊಳೆಯಬೇಡಿ. ರಟ್ಟಿನ ಮೇಲಿನ ರಾಡಿಯನ್ನು ಮಾತ್ರ ಒದ್ದೆ ಹತ್ತಿಯಿಂದ ಒತ್ತಿ ತೆಗೆಯಿರಿ, ತಿಕ್ಕಬೇಡಿ. ಮುಚ್ಚಿದ ಹಾಗೆಯೇ ಬೇಕರಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಬಟರ್ ಪೇಪರಿನಲ್ಲಿ ಒಂದು ಸುತ್ತು ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗಾಳಿ ಹೊರಗೆ ಒತ್ತಿ ಬಾಯಿ ಕಟ್ಟಿ. ಮೇಲೆ ಚೀಟಿ ಅಂಟಿಸಿ. ಬೆನ್ನು ಕೆಳಗೆ ಬರುವಂತೆ ಫ್ರೀಜರಿನಲ್ಲಿಡಿ, ಮೇಲೆ ಯಾವ ಭಾರವೂ ಬೇಡ. ಊರಿನಲ್ಲಿ ಕರೆಂಟ್ ಇಲ್ಲದಿದ್ದರೆ ನೀರು ಬರದ ಓಣಿಯ ಬೀಗರ ಮನೆಯಾದೀತು, ಐಸ್‌ಕ್ರೀಮ್ ಅಂಗಡಿಯ ಡೀಪ್ ಫ್ರೀಜರ್ ಇನ್ನೂ ಒಳ್ಳೆಯದು. ಅದರಲ್ಲಿ −18 ಡಿಗ್ರಿ ಸಿಗುತ್ತದೆ. ಕೊಳೆನೀರು ಕುಡಿದ ಕಾಗದವಾದ್ದರಿಂದ ಚೀಲದ ಬಾಯಿ ಬಿಗಿಯಾಗಿರಲಿ, ತಿನ್ನುವ ಪದಾರ್ಥದ ಜೊತೆ ಇಡಬೇಡಿ. ವಿಜಯಪುರ ಕಡೆಯ ಓದುಗರು ಒಣದ್ರಾಕ್ಷಿಯ ಕೋಲ್ಡ್ ಸ್ಟೋರೇಜನ್ನು ನೆನೆಯಬಹುದು. ಅಲ್ಲಿಯ ಉಷ್ಣಾಂಶ ಸಾಮಾನ್ಯವಾಗಿ 4 ಡಿಗ್ರಿಯ ಆಸುಪಾಸು. ಕಾಗದ ಹೆಪ್ಪುಗಟ್ಟುವುದಿಲ್ಲ, ಬೂಷ್ಟು ನಿಧಾನವಾಗುತ್ತದೆ ಅಷ್ಟೇ. ಮೂರ್ನಾಲ್ಕು ದಿನ ತಡೆಯಲು ಸಾಕು. ಫ್ರಿಜ್ಜಿನ ಕೆಳಗಿನ ಖಾನೆಗೂ ಇದೇ ಲೆಕ್ಕ.

ಹೊಳಪಿನ ಕಾಗದ ಇವೆಲ್ಲಕ್ಕಿಂತ ಬೇಗ ಸಾಯುತ್ತದೆ. ಮಾಸಪತ್ರಿಕೆ, ಲಗ್ನಪತ್ರಿಕೆ, ಚಿತ್ರಗಳಿರುವ ಆರ್ಟ್ ಪೇಪರ್ ಪುಸ್ತಕ, ಇವುಗಳ ಮೈಮೇಲೆ ಬಿಳಿ ಜೇಡಿಮಣ್ಣಿನ ಲೇಪ ಇರುತ್ತದೆ. ತೊಯ್ದಾಗ ಅದು ಮೆತ್ತಗಾಗುತ್ತದೆ, ಒಣಗುತ್ತ ಬಂದಂತೆ ಎರಡು ಹಾಳೆಯ ಲೇಪ ಬೆಸೆದುಕೊಂಡು ಪುಸ್ತಕ ಇಟ್ಟಂಗಿಯಾಗುತ್ತದೆ. ಒಮ್ಮೆ ಹಾಗಾದರೆ ಯಾರಿಂದಲೂ ಬಿಡಿಸಲಾಗದು. ಆದ್ದರಿಂದ ಇವನ್ನು ಒಣಗಲು ಬಿಡದೆ ಶುದ್ಧ ತಣ್ಣೀರಿನ ಟಬ್ಬಿನಲ್ಲಿ ಮುಳುಗಿಸಿಯೇ ಇಡಿ. ಒಂದೊಂದೇ ಹೊರಗೆ ತೆಗೆದು ಪ್ರತಿ ಹಾಳೆಯ ನಡುವೆ ಬಟರ್ ಪೇಪರ್ ಇಟ್ಟು ಒಣಗಿಸಬೇಕು. ಇದು ಬಹಳ ಶ್ರಮದ ಕೆಲಸ. ಅಂಗಡಿಯಲ್ಲಿ ಮತ್ತೆ ಸಿಗುವ ಪುಸ್ತಕವಾದರೆ ಬಿಟ್ಟುಬಿಡಿ, ಆ ಸಮಯ ಬೇರೆಯದಕ್ಕೆ ಬೇಕು.

ಫೋಟೊ ಆಲ್ಬಮ್‌ಗೂ ತಣ್ಣೀರೇ ಆಸರೆ. ಹಳೆಯ ಸ್ಟುಡಿಯೊ ಪ್ರಿಂಟುಗಳ ಚಿತ್ರ ಜೆಲಟಿನ್ ಪದರದಲ್ಲಿರುತ್ತದೆ. ಒದ್ದೆಯಿದ್ದಾಗ ಅದು ಉಬ್ಬಿ ಲೋಳೆಯಂತಾಗಿರುತ್ತದೆ, ಬೆರಳು ತಾಗಿದರೆ ಮುಖವೇ ಅಳಿಸಿಹೋಗುತ್ತದೆ. ಅಂಟಿಕೊಂಡಿದ್ದರೆ ತಣ್ಣೀರಿನಲ್ಲಿ 20-30 ನಿಮಿಷ ನೆನೆಸಿ, ಅಂಚು ಹಿಡಿದು ನೀರಿನೊಳಗೇ ಬಿಡಿಸಿ. ಇನ್ನೊಂದು ಬೋಗುಣಿಯ ಸ್ವಚ್ಛ ನೀರಿನಲ್ಲಿ ಒಮ್ಮೆ ಅದ್ದಿ, ಚಿತ್ರ ಮೇಲೆ ಬರುವಂತೆ ಬಿಳಿ ಬಟ್ಟೆಯ ಮೇಲೆ ಹರಡಿ, ಇಲ್ಲವೇ ಖಾಲಿ ಮೂಲೆಗೆ ಕ್ಲಿಪ್ ಹಾಕಿ ದಾರಕ್ಕೆ ತೂಗುಹಾಕಿ. ಒಟ್ಟು ಎರಡು ದಿನಕ್ಕಿಂತ ಹೆಚ್ಚು ನೀರಿನಲ್ಲಿದ್ದರೆ ಪದರ ಕಿತ್ತುಬರುತ್ತದೆ. ನಿಮ್ಮ ಆಲ್ಬಮ್ ಆಗಲೇ ಎರಡು ದಿನ ಮುಳುಗಿದೆ, ಹಾಗಾಗಿ ಇವತ್ತೇ ಇದನ್ನು ಮುಗಿಸಿ. ಮುಗಿಯದೆ ಉಳಿದದ್ದನ್ನು ಚೀಲದಲ್ಲಿಟ್ಟು ಫ್ರೀಜರಿಗೆ ಹಾಕಿ. ಕಲರ್ ಪ್ರಿಂಟರಿನಲ್ಲಿ ಇಂಕಿನಿಂದ ತೆಗೆದ ಫೋಟೊಗಳನ್ನು ನೀರಿಗೆ ಹಾಕಲೇಬೇಡಿ, ಬಣ್ಣ ಹರಿಯುತ್ತದೆ. ಚೌಕಟ್ಟಿನ ಗಾಜಿಗೆ ಅಂಟಿ ಒಣಗಿಹೋದ ಫೋಟೊವನ್ನು ಎಳೆಯಬೇಡಿ, ಗಾಜಿನ ಮೇಲಿಂದಲೇ ಸ್ಕ್ಯಾನ್ ಮಾಡಿಸಿ. ನೆಗೆಟಿವ್ ಇದ್ದರೆ ಫೋಟೊಗಿಂತ ಮೊದಲು ಅದನ್ನು ಉಳಿಸಿ.

ಇನ್ನು ಬಿಡಿ ಕಾಗದಗಳು. ಖರೀದಿ ಪತ್ರ, ವಾಟ್ನಿ, ಹಳೆಯ ಪಾವತಿ ಎಲ್ಲ ಸೇರಿ ಒಂದು ಒದ್ದೆ ಕಟ್ಟಾಗಿರುತ್ತವೆ. ಉಗುರಿನಿಂದ ಬಿಡಿಸಲು ಹೋದರೆ ಮೂಲೆಗಳು ಕೈಗೆ ಬರುತ್ತವೆ. ಸ್ಟೇಶನರಿ ಅಂಗಡಿಯಿಂದ ಹತ್ತು ಓಎಚ್‌ಪಿ ಶೀಟ್ ತನ್ನಿ, ಸಿಗದಿದ್ದರೆ ದಪ್ಪನೆಯ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಆದೀತು. ಕಟ್ಟನ್ನು ಸಮತಟ್ಟಾದ ಹಲಗೆಯ ಮೇಲಿಟ್ಟು, ಮೇಲಿನ ಹಾಳೆಯ ಮೇಲೆ ಶೀಟನ್ನು ಹಾಸಿ, ಅಂಗೈಯಿಂದ ಮೆಲ್ಲಗೆ ಒತ್ತಿ. ಒದ್ದೆ ಕಾಗದ ಪ್ಲಾಸ್ಟಿಕ್ಕಿಗೆ ತಾನಾಗಿ ಅಂಟಿಕೊಳ್ಳುತ್ತದೆ. ಈಗ ಶೀಟಿನ ಒಂದು ಮೂಲೆಯನ್ನು ಎತ್ತಿ ಹಿಂದಕ್ಕೆ ಮಡಚುತ್ತ ನಿಧಾನವಾಗಿ ಎಳೆಯಿರಿ. ಒಂದೇ ಹಾಳೆ ಅದರ ಜೊತೆ ಎದ್ದುಬರುತ್ತದೆ. ಎರಡು ಬಂದರೆ ಬಿಡಿ, ಇನ್ನೊಂದು ಮೂಲೆಯಿಂದ ಪ್ರಯತ್ನಿಸಿ. ಎದ್ದ ಹಾಳೆಯನ್ನು ಪ್ಲಾಸ್ಟಿಕ್ ಮೇಲಾಗಿ ಒಣ ಬಟ್ಟೆಯ ಮೇಲಿಟ್ಟು, ಮೇಲಿಂದ ಬೆರಳಾಡಿಸಿ, ಪ್ಲಾಸ್ಟಿಕ್ ಸುಲಿಯಿರಿ. ಕಾಗದ ಬಟ್ಟೆಯ ಮೇಲೆ ಉಳಿಯುತ್ತದೆ. ಕಟ್ಟು ಅರೆ ಒಣಗಿ ಬಿಗಿದಿದ್ದರೆ ಈ ಉಪಾಯ ನಡೆಯುವುದಿಲ್ಲ. ಅಂಥ ಕಟ್ಟನ್ನು ಒದ್ದೆ ಟವೆಲಿನಲ್ಲಿ ಒಂದು ಗಂಟೆ ಸುತ್ತಿಟ್ಟು ಮತ್ತೆ ನೋಡಿ.

ಯಾವ ಬರಹ ನೀರಿಗೆ ತಡೆಯುತ್ತದೆ ಎಂಬುದು ತಿಳಿದಿದ್ದರೆ ಅರ್ಧ ಭಯ ಹೋಗುತ್ತದೆ. ಅಚ್ಚು, ಝೆರಾಕ್ಸ್, ಲೇಸರ್ ಪ್ರಿಂಟ್, ಟೈಪ್‌ರೈಟರ್ ಅಕ್ಷರ ಗಟ್ಟಿ. ಬಾಲ್‌ಪೆನ್ ಎಣ್ಣೆಯ ಶಾಯಿಯಾದ್ದರಿಂದ ಹೆಚ್ಚಾಗಿ ಉಳಿಯುತ್ತದೆ. ಕಚೇರಿಯ ರಬ್ಬರ್ ಮುದ್ರೆಯ ನೇರಳೆ ಬಣ್ಣ, ಇಂಕ್‌ಜೆಟ್ ಪ್ರಿಂಟ್, ಸ್ಕೆಚ್ ಪೆನ್, ಹೊಳೆಯುವ ನೀಲಿಯ ಶಾಯಿ ಹರಿಯುತ್ತವೆ. ಕಪ್ಪುನೀಲಿ ಶಾಯಿ, ಅದರಲ್ಲೂ ವಯಸ್ಸಾಗಿ ಕಂದು-ಕಪ್ಪಿಗೆ ತಿರುಗಿದ್ದು, ಕಬ್ಬಿಣಾಂಶದ ಹಳೆಯ ಶಾಯಿಯಾಗಿದ್ದರೆ ಕಾಗದದ ನಾರಿಗೆ ಕಚ್ಚಿಕೊಂಡಿರುತ್ತದೆ. ಸಂಶಯವಿದ್ದರೆ ಒದ್ದೆ ಹತ್ತಿಯ ತುದಿಯನ್ನು ಯಾವುದಾದರೂ ಮಹತ್ವವಿಲ್ಲದ ಗೆರೆಯ ಮೇಲೆ ಮೂರು ಸೆಕೆಂಡು ಒತ್ತಿ ಎತ್ತಿ. ಹತ್ತಿಗೆ ಬಣ್ಣ ಹತ್ತಿದರೆ ಆ ಕಾಗದಕ್ಕೆ ಮತ್ತೆ ನೀರು ತಾಗಬಾರದು. ಬಿಡಿಸಿದ ಕೂಡಲೇ ಪ್ರತಿ ಹಾಳೆಯ ಫೋಟೊ ತೆಗೆಯಿರಿ, ಖರೀದಿ ಪತ್ರದ ನಂಬರು, ತಾರೀಖು, ಮುದ್ರೆ ಇರುವ ಪುಟವನ್ನು ಹತ್ತಿರದಿಂದ.

ಲ್ಯಾಮಿನೇಶನ್ ಮಾಡಿಸಿದ ಮಾರ್ಕ್ಸ್ ಕಾರ್ಡ್ ಹೊರಗಿನಿಂದ ಸುರಕ್ಷಿತ ಎನಿಸುತ್ತದೆ. ಅಂಚಿನಲ್ಲಿ ಎಲ್ಲಾದರೂ ಮೋಡದಂಥ ಮಬ್ಬು ಕಂಡರೆ ನೀರು ಒಳಗೆ ಹೊಕ್ಕಿದೆ ಎಂದರ್ಥ. ಪ್ಲಾಸ್ಟಿಕ್ ಸುಲಿಯಲು ಹೋದರೆ ಅಕ್ಷರಗಳು ಅಂಟಿನ ಜೊತೆ ಎದ್ದುಬರುತ್ತವೆ. ಕಾಗದಕ್ಕೆ ತಾಗದಂತೆ ನಾಲ್ಕೂ ಬದಿಯ ಪ್ಲಾಸ್ಟಿಕ್ ಅಂಚನ್ನು ಕತ್ತರಿಯಿಂದ ಸಣ್ಣಗೆ ಕತ್ತರಿಸಿ, ಗೋಡೆಗೆ ಒರಗಿಸಿ ಫ್ಯಾನಿನ ಗಾಳಿಯಲ್ಲಿ ಒಂದು ವಾರ ಬಿಡಿ. ಹೊಸ ಪ್ರತಿ ಬಂದಾಗ ಲ್ಯಾಮಿನೇಶನ್ ಬೇಡ, ಜಿಪ್ ಇರುವ ಕವರ್ ಸಾಕು.

ಕಪಾಟಿನ ಪುಸ್ತಕಗಳಿಗೆ ಬರೋಣ. ಈಗಿನ ಕಾಗದದ ಪುಸ್ತಕ ತನ್ನ ತೂಕದ ಅರ್ಧಕ್ಕೂ ಹೆಚ್ಚು ನೀರು ಕುಡಿಯಬಲ್ಲದು. ಉಬ್ಬಿ ಕಪಾಟಿನಲ್ಲಿ ಸಿಕ್ಕಿಕೊಂಡಿರುತ್ತದೆ. ತಲೆ ಹಿಡಿದು ಎಳೆದರೆ ಬೆನ್ನು ಹರಿಯುತ್ತದೆ. ಪಕ್ಕದ ಹಲಗೆಯನ್ನೇ ಬಿಚ್ಚಿ ಜಾಗ ಮಾಡಿ, ಎರಡೂ ಕೈಯಿಂದ ಅಡಿಯಲ್ಲಿ ಆಧಾರ ಕೊಟ್ಟು ತೆಗೆಯಿರಿ. ಹೊಳೆಯ ಜೊತೆ ಬಂದ ಎರೆಮಣ್ಣಿನ ರಾಡಿ ಒದ್ದೆಯಿದ್ದಾಗ ಬಿಡುತ್ತದೆ, ಒಣಗಿದರೆ ಸಿಮೆಂಟಿನಂತೆ ಕಚ್ಚುತ್ತದೆ. ಅಚ್ಚಿನ ಪುಸ್ತಕವನ್ನು ಗಟ್ಟಿಯಾಗಿ ಮುಚ್ಚಿ ಹಿಡಿದು ಮೂರು ಬಕೆಟ್ ಶುದ್ಧ ನೀರಿನಲ್ಲಿ ಒಂದಾದ ಮೇಲೊಂದರಂತೆ ಅದ್ದಿ. ಮೊದಲ ಬಕೆಟ್ಟಿನ ನೀರು ಕೆಸರಾದ ಕೂಡಲೇ ಬದಲಿಸಿ. ಬ್ರಶ್ ಹಾಕಬೇಡಿ, ಮಣ್ಣು ನಾರಿನೊಳಗೆ ಇಳಿಯುತ್ತದೆ. ರಾಡಿ ಆಗಲೇ ಒಣಗಿದ್ದರೆ ಮತ್ತೆ ನೆನೆಸದೆ, ಪುಸ್ತಕ ಪೂರ್ತಿ ಒಣಗಿದ ಮೇಲೆ ಮೆತ್ತನೆಯ ಬ್ರಶ್ಶಿನಿಂದ ಉದುರಿಸಿ.

ಒಣಗಿಸುವ ಜಾಗದ ಬಗ್ಗೆ ಒಂದು ಮಾತು. ನಿಮ್ಮ ಮುಧೋಳ, ಜಮಖಂಡಿ ಕಡೆ ಹೊಳೆ ಬರುವುದು ಹೆಚ್ಚಾಗಿ ಮೇಲಿನ ಘಟ್ಟದ ಮಳೆಗೆ. ಊರಲ್ಲಿ ಹನಿ ಮಳೆಯಿಲ್ಲದೆ ಬಿಸಿಲು ಬಿದ್ದಿರುವಾಗಲೂ ನೀರು ಏರುತ್ತದೆ. ಅಂಥ ದಿನಗಳಲ್ಲಿ ಗಾಳಿ ಒಣಗಿರುತ್ತದೆ, ಕಿಟಕಿ ತೆರೆದು ನೆರಳಿನಲ್ಲಿ ಒಣಗಿಸಿದರೆ ಕೆಲಸ ಬೇಗ ಆಗುತ್ತದೆ. ಬೆಳಗಾವಿ, ಖಾನಾಪುರದಲ್ಲಿ ಹಾಗಲ್ಲ. ಜಿಟಿಜಿಟಿ ಮಳೆಯಲ್ಲಿ ಕಿಟಕಿ ತೆರೆದರೆ ಹಸಿ ಗಾಳಿಯೇ ಒಳಗೆ ಬರುತ್ತದೆ. ಅಲ್ಲಿಯವರು ಬಾಗಿಲು ಮುಚ್ಚಿ ಎಸಿಯನ್ನು ಡ್ರೈ ಮೋಡಿನಲ್ಲಿ ಓಡಿಸಬೇಕು, ಇಲ್ಲದಿದ್ದರೆ ಹೆಚ್ಚಿನದನ್ನೆಲ್ಲ ಹೆಪ್ಪುಗಟ್ಟಿಸಿ ಮಳೆ ಕಳೆಯುವವರೆಗೆ ಕಾಯಬೇಕು. ಕೋಣೆಯ ತೇವಾಂಶ 50-55 ಪ್ರತಿಶತಕ್ಕಿಂತ ಕೆಳಗಿದ್ದರೆ ಒಣಗುವಿಕೆ ಚೆನ್ನಾಗಿ ನಡೆಯುತ್ತದೆ. ಫ್ಯಾನನ್ನು ಗೋಡೆಯ ಕಡೆ ತಿರುಗಿಸಿ, ನೇರ ಗಾಳಿಗೆ ಹಾಳೆಗಳು ಸುರುಳಿ ಸುತ್ತುತ್ತವೆ.

ಮನೆಯಲ್ಲಿ ಹೊರಸು (ಹಗ್ಗ ಹೆಣೆದ ಮಂಚ) ಇದ್ದರೆ ಅದಕ್ಕಿಂತ ಒಳ್ಳೆಯ ಒಣಗುಕಟ್ಟೆ ಇಲ್ಲ. ಮೇಲೆ ಸೊಳ್ಳೆಪರದೆ ಬಿಗಿದು ಬಿಡಿ ಕಾಗದ ಹರಡಿದರೆ ಕೆಳಗಿನಿಂದಲೂ ಗಾಳಿಯಾಡುತ್ತದೆ. ಪುಸ್ತಕ ಪೂರ್ತಿ ತೊಯ್ದಿದ್ದರೆ ಮೊದಲ ದಿನ ಬಿಚ್ಚದೆ, ರಟ್ಟುಗಳನ್ನು ಸ್ವಲ್ಪವೇ ಅಗಲಿಸಿ ಬಟ್ಟೆಯ ಮೇಲೆ ತಲೆಕೆಳಗಾಗಿ ನಿಲ್ಲಿಸಿ ನೀರು ಬಸಿಯಲು ಬಿಡಿ. ಹಾಳೆಗಳು ತಾವಾಗಿ ಬಿಡುವಂತಾದಾಗ ಹತ್ತು ಹಾಳೆಗೊಂದರಂತೆ ಹೀರುಕಾಗದ ಸೇರಿಸಿ. ಮುದ್ರಣಾಲಯದಲ್ಲಿ ಅಚ್ಚಾಗದ ಖಾಲಿ ನ್ಯೂಸ್‌ಪ್ರಿಂಟ್ ಸಿಗುತ್ತದೆ. ಎರಡು ಮೂರು ಕಿಲೊ ತನ್ನಿ. ಹಳೆಯ ಧೋತರ ಹರಿದು ಬಳಸಿದರೂ ಆದೀತು. ಓದಿದ ಪೇಪರ್ ಬೇಡ, ಅದರ ಮಸಿ ನಿಮ್ಮ ಪುಸ್ತಕಕ್ಕೆ ಹತ್ತುತ್ತದೆ. ಸೇರಿಸಿದ ಕಾಗದದ ಒಟ್ಟು ದಪ್ಪ ಪುಸ್ತಕದ ದಪ್ಪದ ಐದನೇ ಒಂದು ಭಾಗ ಮೀರಬಾರದು, ಮೀರಿದರೆ ಬೆನ್ನು ಒಡೆಯುತ್ತದೆ. ಮೊದಲ ದಿನ ಎರಡು ಮೂರು ಗಂಟೆಗೊಮ್ಮೆ ಬದಲಿಸಿ, ಆಮೇಲೆ ಬೆಳಗ್ಗೆ-ಸಂಜೆ. ಪಿನ್ನು, ಸ್ಟೇಪಲ್, ಗುಂಡುಸೂಜಿ ಕಿತ್ತುಹಾಕಿ. ತುಕ್ಕು ಎರಡೇ ದಿನದಲ್ಲಿ ಕಾಗದವನ್ನು ತಿನ್ನಲು ಶುರುಮಾಡುತ್ತದೆ. ಒಣಗುತ್ತ ಬಂದಾಗ ರಟ್ಟು ನೇರ ಮಾಡಿ, ಎರಡು ಹಲಗೆಯ ನಡುವೆ ಇಟ್ಟು ಮೇಲೆ ಒಂದೆರಡು ಇಟ್ಟಂಗಿ ಹೇರಿ. ಒದ್ದೆಯಿರುವಾಗಲೇ ಭಾರ ಹಾಕಿದರೆ ಒಳಗೆ ಬೂಷ್ಟು ಹಿಡಿಯುತ್ತದೆ.

ಒಣಗಿತೆಂದು ತಿಳಿಯುವುದು ಹೇಗೆ? ಪುಸ್ತಕದ ನಡುಭಾಗ ತೆರೆದು ಬೆನ್ನಿನ ಹತ್ತಿರ ಮುಂಗೈ ತಾಗಿಸಿ. ತಂಪೆನಿಸಿದರೆ ಒಳಗೆ ನೀರಿದೆ. ಇನ್ನೂ ನಂಬಿಗಸ್ತ ಕ್ರಮವೆಂದರೆ ಅಡುಗೆಮನೆಯ ತಕ್ಕಡಿ. ದಿನಾ ತೂಕ ಬರೆದಿಡಿ, ಸತತ ಎರಡು ದಿನ ತೂಕ ಇಳಿಯದಿದ್ದರೆ ಒಣಗಿದೆ. ದಪ್ಪ ಪುಸ್ತಕಕ್ಕೆ ಎರಡು ವಾರವೂ ಹಿಡಿಯಬಹುದು.

ಇಸ್ತ್ರಿಯ ಬಿಸಿಗೆ ಝೆರಾಕ್ಸಿನ ಕಪ್ಪುಪುಡಿ ಕರಗುತ್ತದೆ, ಫೋಟೊದ ಪದರ ಅಂಟಾಗುತ್ತದೆ. ಕಡುಬಿಸಿಲಿಗೆ ಮೇಲಿನ ಹಾಳೆ ಒಣಗಿ ಕುಗ್ಗುವಾಗ ಒಳಗಿನದು ಒದ್ದೆಯಾಗಿಯೇ ಇರುತ್ತದೆ, ಪುಸ್ತಕ ತಿರುಚಿಕೊಳ್ಳುತ್ತದೆ, ಶಾಯಿ ಮಾಸುತ್ತದೆ. ಮೈಕ್ರೋವೇವ್ ಬೇಡ, ಸ್ಟೇಪಲ್ ಇದ್ದರೆ ಕಿಡಿ ಹಾರುತ್ತದೆ. ಫಿನಾಯಿಲ್, ಡೆಟಾಲ್, ಬ್ಲೀಚಿಂಗ್ ಪೌಡರ್ ಕಾಗದಕ್ಕೆ ಸಲ್ಲ. ನುಸಿಗುಳಿಗೆ ಹುಳಕ್ಕೆ ಮಾತ್ರ, ಬೂಷ್ಟಿಗೆ ಅಲ್ಲ. ಬೂಷ್ಟು ಆಗಲೇ ಕಂಡಿದ್ದರೆ ಆ ಪುಸ್ತಕವನ್ನು ಬೇರೆ ಕೋಣೆಗೆ ಒಯ್ಯಿರಿ. ಒದ್ದೆಯಿದ್ದಾಗ ಒರೆಸಿದರೆ ಕಲೆ ಒಳಗಿಳಿಯುತ್ತದೆ. ಪೂರ್ತಿ ಒಣಗಿ ಪುಡಿಯಾದ ಮೇಲೆ ಎನ್95 ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಶ್ಶಿನಿಂದ ತೆಗೆಯಿರಿ. ಉಬ್ಬಸ ಇರುವವರು ಈ ಕೆಲಸ ಮಾಡಬಾರದು.

ವಹಿಗೆ ಮರಳೋಣ. ಹೊಳೆ, ಮಳೆ ಎರಡೂ ಇಳಿದು ಗಾಳಿ ಒಣಗಿದ ಮೇಲೆ, ದೀಪಾವಳಿ ಹೊತ್ತಿಗಾದರೂ ಸರಿ, ಅದನ್ನು ಫ್ರೀಜರಿನಿಂದ ತೆಗೆಯಿರಿ. ಸುತ್ತಿದ ಹಾಗೆಯೇ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಬಿಚ್ಚಿ, ಮೇಲೆ ಹೇಳಿದ ಕ್ರಮದಲ್ಲಿ ಒಣಗಿಸಿ; ಇದರಲ್ಲಿ ಮಾತ್ರ ಪ್ರತಿ ಹಾಳೆಗೂ ಹೀರುಕಾಗದ ಬೇಕು, ಒಂದು ಪುಟದ ಶಾಯಿ ಎದುರು ಪುಟಕ್ಕೆ ಇಳಿಯಬಾರದು. ಕೆಲವು ಸಾಲು ಮಾಸಿ ಓದಲು ಬಾರದಿದ್ದರೆ ಕತ್ತಲ ಕೋಣೆಯಲ್ಲಿ ನೋಟು ಪರೀಕ್ಷಿಸುವ ನೇರಳಾತೀತ ದೀಪ ಹಿಡಿದು ನೋಡಿ. ಕಬ್ಬಿಣಾಂಶದ ಶಾಯಿಯಾಗಿದ್ದರೆ ಮಾಸಿದ ಅಕ್ಷರ ಕಪ್ಪಾಗಿ ಎದ್ದು ಕಾಣುತ್ತದೆ. ಆಗಲೇ ಫೋಟೊ ತೆಗೆದಿಡಿ. ಹಾಳೆ ಪುಡಿಯಾಗುವಂತಿದ್ದರೆ ನೀವೇ ಅಂಟು, ಸೆಲ್ಲೊಟೇಪ್ ಹಚ್ಚಬೇಡಿ, ಹಸ್ತಪ್ರತಿಗಳ ಭಂಡಾರವಿರುವ ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯಲ್ಲಿ ವಿಚಾರಿಸಿ. ಅಳಿಸಿಹೋದ ಸಾಲುಗಳನ್ನು ತುಂಬಲು ನಿಮ್ಮ ಸೀಮೆಯಲ್ಲೇ ಪಾರಿಜಾತ ಆಡುವ ಕಲಾವಿದರಿದ್ದಾರೆ, ಹಾಡು ಅವರ ಬಾಯಲ್ಲಿರುತ್ತದೆ. ಅವರಿಗೆ ತೋರಿಸುವಾಗ ಫೋಟೊ ಪ್ರತಿಯನ್ನು ಮಾತ್ರ ಕೊಡಿ. ಅವರು ಹೇಳಿದ ಸಾಲನ್ನು ಬೇರೆ ಹಾಳೆಯಲ್ಲಿ ಪುಟದ ಅಂಕಿ ಹಾಕಿ ಬರೆದುಕೊಳ್ಳಿ, ಅಜ್ಜನ ಪುಟದ ಮೇಲೆ ಪೆನ್ನು ಆಡಿಸಬೇಡಿ.